ಕಳ್ಳನ ಹೆಸರು ಕೊಡಿ

ನಮ್ಮ ಆಫೀಸಿನಲ್ಲಿ ನನ್ನಷ್ಟು ಚೊಕ್ಕಟವಾಗಿ ಪತ್ರ ಬರೆಯುವ ಗುಮಾಸ್ತ ಇನ್ನೊಬ್ಬನಿಲ್ಲ. ಇಪ್ಪತ್ತೆರಡು ವರ್ಷದ ಗುಟ್ಟು ಹೇಳಿಬಿಡುತ್ತೇನೆ: ಹಳೆಯ ಕಡತ ತೆಗೆಯುವುದು, ತಾರೀಖು ತಿದ್ದುವುದು, ಸಹಿಗೆ ಇಡುವುದು. ಹೊಸದಾಗಿ ಒಂದು ಸಾಲು ಬರೆದರೆ ಸಾಹೇಬರೇ ಗಾಬರಿಯಾಗುತ್ತಾರೆ.

ಹೆಡ್‌ಕ್ಲಾರ್ಕ್ ಆಗಲು ಎಂ.ಎ. ಬೇಕೆಂದರು. ಇಲ್ಲೇ ಪುಣೆಯ ಶಿವಾಜಿನಗರದ ಒಂದು ಕಾಲೇಜಿನ ಸಂಜೆ ತರಗತಿಗೆ ಸೇರಿದೆ. ಹೋದ ವರ್ಷ ಪರೀಕ್ಷೆಯ ಹೊತ್ತಿಗೇ ಟೈಫಾಯ್ಡ್ ಬಂದು ಒಂದು ಪೇಪರ್ ಉಳಿಯಿತು. ಅದಕ್ಕೆ ಈ ವರ್ಷ ಮತ್ತೆ ಅಸೈನ್‌ಮೆಂಟ್ ಕೊಡಬೇಕು. ವಿಷಯ ಅದೇ, ‘ಪುಣೆಗೆ ವಲಸೆ ಬಂದವರು’. ನನಗೇನು ಕಷ್ಟ? ಕಪಾಟಿನಿಂದ ಹಳೆಯದನ್ನು ತೆಗೆದೆ, ತಾರೀಖು ತಿದ್ದಿದೆ, ಕಳಿಸಿದೆ.

ವಾರದೊಳಗೆ ನೋಟೀಸು ಬಂತು. ನನ್ನ ಬರಹ ಇನ್ನೊಂದು ಬರಹಕ್ಕೆ ಅಕ್ಷರಕ್ಕೆ ಅಕ್ಷರ ಹೊಂದುತ್ತದೆಯಂತೆ. ಸೋಮವಾರ ಬಂದು ವಿವರಣೆ ಕೊಡದಿದ್ದರೆ ಪೇಪರ್ ರದ್ದು. ಪೇಪರ್ ರದ್ದಾದರೆ ಹೆಡ್‌ಕ್ಲಾರ್ಕ್ ಕುರ್ಚಿಯೂ ರದ್ದು!

ಯಾರೋ ನನ್ನದನ್ನು ಕದ್ದಿದ್ದಾರೆ! ಮೊದಲು ಝೆರಾಕ್ಸ್ ಅಂಗಡಿಯವನ ಮೇಲೆ ಸಂಶಯ ಬಂತು. ಆಮೇಲೆ ಪಕ್ಕದ ಬೆಂಚಿನವರ ಮೇಲೆ. ಕೊನೆಗೆ ಅದು ಶೆಟ್ಟರ ಮೇಲೆ ಹೋಗಿ ಕೂತಿತು. ಶೆಟ್ಟರು ನನ್ನ ಸಹಪಾಠಿ, ಕುಂದಾಪುರದ ಕಡೆಯವರು, ವಾಕಡದಲ್ಲಿ ಹೋಟೆಲ್ ನಡೆಸುತ್ತಾರೆ. ಐವತ್ತೈದರಲ್ಲಿ ಓದುವ ಹುಚ್ಚು. ಹೋದ ತಿಂಗಳು ನನ್ನನ್ನು ಕೂರಿಸಿಕೊಂಡು, ನಮ್ಮ ಅಜ್ಜ ವಿಜಯಪುರದಿಂದ ಪುಣೆಗೆ ಬಂದ ಕತೆಯನ್ನೆಲ್ಲ ಕೇಳಿ ಬರೆದುಕೊಂಡಿದ್ದರು. ಜೊತೆಗೆ ಎರಡು ಮೊಸರುವಡೆ, ಪುಕ್ಕಟೆ. ಆ ವಡೆ ಸುಮ್ಮನೆ ಬಂದದ್ದಲ್ಲ!

ಹೆಂಡತಿ ಶಾಂತಾಗೆ ಹೇಳಿದೆ. "ಅವರು ಭಾಳ ಛಲೋ ಮಂದಿ ಅದಾರ್ರಿ. ಮೊದಲ ಹೋಗಿ ಅವರನ್ನ ಕೇಳ್ರಿ" ಅಂದಳು.

ಕೇಳಿದರೆ ಕಳ್ಳ ಎಚ್ಚರವಾಗುವುದಿಲ್ಲವೇ? ನಾನು ಹೋಟೆಲಿನ ಮೂಲೆಯ ಟೇಬಲ್ ಹಿಡಿದು, ಮುಖಕ್ಕೆ ಪೇಪರ್ ಅಡ್ಡ ಹಿಡಿದು, ಪತ್ತೇದಾರಿ ಶುರು ಮಾಡಿದೆ. ಶೆಟ್ಟರು ನೇರ ಬಂದು ಎದುರಿಗೇ ಕೂತರು.

"ಎಂತ ಮಾರಾಯ್ರೆ, ಯಾವುದು ಎಲ್ಲಿಂದ ತಗೊಂಡದ್ದು ಅಂತ ಕೊನೆಗೆ ಪಟ್ಟಿ ಹಾಕಿದ್ದೀರಾ? ಹಾಕದಿದ್ರೆ ಕಳ್ಳತನ ಆಗ್ತದಂತೆ."

ನಾನು ಕಳ್ಳತನದ ಮಾತೇ ಎತ್ತಿರಲಿಲ್ಲ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವರು ಅನ್ನುವ ಮೊದಲೇ ಮುಟ್ಟಿಕೊಂಡಿದ್ದರು. ಮನೆಗೆ ಬಂದು ಎರಡು ಪುಟದ ದೂರು ಬರೆದೆ. ಮಾದರಿಗೆ ನಮ್ಮ ಆಫೀಸಿನ ಹಳೆಯ ಕಳುವಿನ ದೂರು ಇದ್ದೇ ಇತ್ತು.

ಸೋಮವಾರ ಪ್ರಾಧ್ಯಾಪಕಿ ಮೇಡಂ ದೂರನ್ನು ಪೂರ್ತಿ ಓದಿದರು. ಸದರಿ ಶೆಟ್ಟರು ಕದ್ದ ಛತ್ರಿಯ ಹಿಡಿಕೆ ಮುರಿದಿತ್ತು ಎಂದಿದೆಯಲ್ಲ, ಅದೇನು ಎಂದು ಮರಾಠಿಯಲ್ಲಿ ಶಾಂತವಾಗಿ ಕೇಳಿದರು. ಒಂದು ಸಾಲು ತಿದ್ದುವುದು ಮರೆತಿತ್ತು.

ಛತ್ರಿ ಬಿಡಿ, ಆ ಇನ್ನೊಂದು ಬರಹದ ಮೇಲಿರುವ ಕಳ್ಳನ ಹೆಸರು ಕೊಡಿ ಎಂದು ಪಟ್ಟು ಹಿಡಿದೆ. ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಹೋದ ವರ್ಷ ಕಾಲೇಜಿಗೆ ಬಂದಿದ್ದ ಪ್ರತಿ. ಮೇಲೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು, ನಮ್ಮಪ್ಪನ ಹೆಸರು, ನಮ್ಮ ಅಡ್ಡಹೆಸರು!

ನನ್ನದನ್ನು ನಾನೇ ತೆಗೆದುಕೊಂಡರೆ ತಪ್ಪೇನು ಎಂದೆ. ಹಳೆಯದು ಎಂದು ಹೇಳದೆ ಹೊಸದೆಂದು ಕೊಡುವುದೂ ತಪ್ಪೇ ಎಂದರು. ಆಮೇಲೆ ಶೆಟ್ಟರ ಬರಹದ ಕೊನೆಯ ಪುಟ ತೋರಿಸಿದರು. ಆಕರಗಳ ಪಟ್ಟಿಯಲ್ಲಿ ಮೊದಲನೆಯದೇ ನನ್ನ ಹೆಸರು, ಮಾತಾಡಿದ ತಾರೀಖು, ಜಾಗ. ನಮ್ಮಜ್ಜನ ಕತೆಗೆ ಅವರು ನನ್ನ ಹೆಸರು ಹಾಕಿದ್ದರು. ಆ ಕತೆಯನ್ನು ನನಗೆ ಹೇಳಿದ ಸೋದರತ್ತೆಯ ಹೆಸರನ್ನು ನಾನು ಎಲ್ಲೂ ಹಾಕಿರಲಿಲ್ಲ. ನಿಜಕ್ಕೂ ನಾಚಿಕೆಯಾಯಿತು.

ಹೊಸದಾಗಿ ಬರೆಯಲು ಎಂಟು ದಿನ ಕೊಟ್ಟರು. ಶೆಟ್ಟರ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ಪಟ್ಟಿ ಮಾಡುವುದನ್ನು ಹೇಳಿಕೊಟ್ಟರು. ಮನೆಯಲ್ಲಿ ಕೂತು ಸೋದರತ್ತೆ, ಶೆಟ್ಟರು, ಗ್ರಂಥಾಲಯದ ಎರಡು ಪುಸ್ತಕ, ನನ್ನ ಹಳೆಯ ಅಸೈನ್‌ಮೆಂಟ್ ಎಂದು ಬರೆಯುತ್ತಿದ್ದೆ. ಶಾಂತಾ ಬಗ್ಗಿ ಓದಿದಳು.

"ಬಾಕಿ ಎಲ್ಲಾದಕ್ಕೂ ಅವರಿವರ ಹೆಸರು ಹಾಕ್ರಿ. ಸಂಶಯ ಅಷ್ಟ ನಿಮ್ಮ ಸ್ವಂತದ್ದು ಅದ, ಅದಕ್ಕ ಯಾರ ಹೆಸರೂ ಬ್ಯಾಡ್ರಿ."