ಪಕ್ಕದ ಹಿತ್ತಲಿನ ಒರತೆ

ಆ ಬೆಳಗ್ಗೆ ದರ್ಜಿಯ ಬಾವಿಗೆ ಒಬ್ಬರೂ ಬರಲಿಲ್ಲ. ಬೀದಿಗೆಲ್ಲ ಇದ್ದದ್ದು ಅದೊಂದೇ ಬಾವಿ; ನಲ್ಲಿ ನೀರಿಗೆ ಕ್ಲೋರಿನ್ ವಾಸನೆ, ಕುಡಿಯೋಕಾಗುತ್ತಿರಲಿಲ್ಲ. ದಿನಾ ಏಳು ಗಂಟೆಗೆ ಕೊಡಗಳ ಸಾಲು, "ಅಣ್ಣಾ, ಒಂದೇ ಒಂದು ಕೊಡ" ಎಂಬ ರಾಗ. ಅದು ಕಿವಿಗೆ ಬೀಳದೆ ಅವನಿಗೆ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ಎಲ್ಲ ಎಲ್ಲಿ ಹಾಳಾಗಿ ಹೋದ್ರು?" ಎಂದು ಹೆಂಡತಿಯನ್ನು ಕೇಳಿದ.

"ಪಕ್ಕದ ಕ್ಷೌರದಂಗಡಿಯವರ ಹಿತ್ತಲಲ್ಲಿ ಒರತೆ ಎದ್ದಿದೆ. ನೀರು ಏನು ಸಿಹಿ ಅಂತೀರಿ!"

"ನಿನಗೆ ಹೇಗೆ ಗೊತ್ತು?"

ಅವಳು ತುಂಬಿದ ಕೊಡವನ್ನು ಮೆಲ್ಲಗೆ ಬಾಗಿಲ ಮರೆಗೆ ಸರಿಸಿದಳು.

ಇಸ್ತ್ರಿಪೆಟ್ಟಿಗೆಯ ಕೆಂಡವನ್ನೇ ನುಂಗಿದಂತೆ ದರ್ಜಿಯ ಹೊಟ್ಟೆ ಉರಿಯಿತು. ಸ್ಟೂಲು ಹಾಕಿಕೊಂಡು ಗೋಡೆಯಾಚೆ ಇಣುಕಿದ. ಅಲ್ಲಿ ನಿವೃತ್ತ ಮೇಷ್ಟ್ರು ಪಾಠ ಮಾಡುತ್ತಿದ್ದರು: "ನದಿ ನೀರು ಹತ್ತೂರು ತೊಳೆದು ಬರುತ್ತೆ. ಕೆರೇಲಿ ಪಾಚಿ. ಬಾವಿದು ನಿಂತ ನೀರು. ಒರತೆ ಅಂದ್ರೆ ಭೂಮಿತಾಯಿ ಸೋಸಿ ಕೊಟ್ಟದ್ದು!"

'ನಿಂತ ನೀರು' ಎಂಬ ಮಾತಿಗೆ ದರ್ಜಿ ಎಗರಿದ. ಸ್ಟೂಲು ಉರುಳಿತು. ಅವನು ಗೋಡೆಯಾಚೆ ಕೆಸರಿಗೆ ಬಿದ್ದ. ಎಲ್ಲರೂ ಎತ್ತಿ ಕೂರಿಸಿ, ಒರತೆಯ ನೀರನ್ನೇ ಕುಡಿಸಿದರು. ನಿಜಕ್ಕೂ ಸಿಹಿಯಾಗಿತ್ತು. ಅದನ್ನು ಮಾತ್ರ ಅವನಿಂದ ಸಹಿಸಲಾಗಲಿಲ್ಲ.

ಕುಂಟುತ್ತಲೇ ನೀರಿನ ಕಚೇರಿಗೆ ಹೋದ. "ಅದು ಒರತೆಯಲ್ಲ ಸಾರ್, ನಿಮ್ಮ ಪೈಪು ಒಡೆದಿದೆ. ಮುಚ್ಚಿಸಿ" ಎಂದು ದೂರು ಬರೆದುಕೊಟ್ಟ.

ಮಧ್ಯಾಹ್ನ ಆ ಕಚೇರಿಯ ಇನ್‌ಸ್ಪೆಕ್ಟರು ಬಂದು ಬೀದಿಯ ನಲ್ಲಿಗಳನ್ನೆಲ್ಲ ನಿಲ್ಲಿಸಿದರು. ಒರತೆ ನಿಲ್ಲಲಿಲ್ಲ. ಸೀಸೆಯಲ್ಲಿ ನೀರು ಹಿಡಿದು ಔಷಧಿಯ ಹನಿ ಹಾಕಿ ನೋಡಿ, "ಕ್ಲೋರಿನ್ ಸುಳಿವೇ ಇಲ್ಲ, ಅಪ್ಪಟ ಒರತೆ. ಇನ್ನು ಇದನ್ನ ಯಾರೂ ಮುಚ್ಚೋ ಹಾಗಿಲ್ಲ" ಎಂದರು.

ಕ್ಷೌರಿಕ ಓಡಿಬಂದು ದರ್ಜಿಯನ್ನು ತಬ್ಬಿಕೊಂಡ. "ಅಣ್ಣಾ, ನಾನೂ ಪೈಪೇ ಒಡೆದಿದೆ ಅಂದ್ಕೊಂಡಿದ್ದೆ! ಹಿತ್ತಲೆಲ್ಲ ಕೆಸರಾಯ್ತು, ಸಂಜೆ ಮುಚ್ಚಿಬಿಡೋಣ ಅಂತ ಸಿಮೆಂಟೂ ತಂದಿಟ್ಟಿದ್ದೆ. ನೀವು ದೂರು ಕೊಟ್ಟು ಉಳಿಸಿದ್ರಿ!"

ಜನ ಚಪ್ಪಾಳೆ ತಟ್ಟಿದರು. ದರ್ಜಿ ಹಲ್ಲು ಕಚ್ಚಿಕೊಂಡು ನಕ್ಕ.

ಇನ್‌ಸ್ಪೆಕ್ಟರು ಸುತ್ತಲೂ ಕಣ್ಣಾಡಿಸಿದರು. "ಬೀದಿಯವರೆಲ್ಲ ಕ್ಷೌರದಂಗಡಿಯೊಳಗೆ ನುಗ್ಗಿ ಬರೋಕಾಗುತ್ತಾ? ಈ ಅಣ್ಣನ ಅಂಗಳದಲ್ಲೇ ದಾರಿ ಮಾಡೋಣ. ನಡುವೆ ಆ ಬಾವಿ ಒಂದು ಅಡ್ಡ."

"ಅದಕ್ಕೇನು ಸಾರ್," ಎಂದ ಕ್ಷೌರಿಕ ತೋಳು ಮಡಿಸುತ್ತ, "ಸಿಮೆಂಟು ಹೇಗೂ ಇದೆಯಲ್ಲ."