ಎಮ್ಮೆಯ ಹಾಲು ಮತ್ತು ಹನ್ನೊಂದನೆಯ ಸಂಚಿಕೆ

ಐವತ್ತು ದಾಟಿದ ಗಂಡಸಿಗೆ ಏನಾದರೂ ಚಟವಿದ್ದರೆ ಊರು ಅದನ್ನು ಹೇಗೋ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಇಸ್ಪೀಟು ಆಡುವವನಿಗೆ ಜೊತೆಗಾರರಿದ್ದಾರೆ, ತಂಬಾಕು ತಿನ್ನುವವನಿಗೆ ಸುಣ್ಣ ಕೊಡುವವರಿದ್ದಾರೆ. ಆದರೆ ಚಿತ್ರಕಥೆಯ ಪುಸ್ತಕ ಕೂಡಿಸುವವನನ್ನು ಏನೆಂದು ಕರೆಯಬೇಕೆಂಬುದೇ ಯಾರಿಗೂ ತಿಳಿಯದು. ನಮ್ಮ ಒಳಕೋಣೆಯಲ್ಲಿ ಸದಾ ಕೀಲಿ ಹಾಕಿದ ಒಂದು ಕಪಾಟಿದೆ. ಅದರಲ್ಲಿ ನಾನು ಬಾಟಲಿ ಇಟ್ಟಿದ್ದೇನೆಂದು ಬಾಜು ಮನೆಯವರು ಹಲವು ವರ್ಷ ನಂಬಿದ್ದರು. ಒಂದು ದಿನ ನನ್ನ ಹೆಂಡತಿ ಶಕುಂತಲಾ ಸಿಟ್ಟಿನಲ್ಲಿ ನಿಜ ಹೇಳಿಬಿಟ್ಟಳು. ಅಂದಿನಿಂದ ಅವರು ನನ್ನನ್ನು ಮೊದಲಿಗಿಂತ ಹೆಚ್ಚು ಕನಿಕರದಿಂದ ಮಾತನಾಡಿಸುತ್ತಿದ್ದಾರೆ.

ಪುಸ್ತಕ ಕೂಡಿಸುವುದು ಸಂತೋಷದ ಹವ್ಯಾಸ ಎನ್ನುತ್ತಾರೆ. ಇರಬಹುದು. ಪುಸ್ತಕ ಕೈಗೆ ಸಿಕ್ಕ ಆ ಒಂದು ಗಳಿಗೆ ಮಾತ್ರ ಸಂತೋಷ, ಆಮೇಲೆ ಉಳಿಯುವುದೆಲ್ಲ ಬರೀ ಕಾಳಜಿ. ಕಲಘಟಗಿ ಕಡೆಯ ಮಳೆಗಾಲದಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ಇನ್ನು ಹಳೆಯ ಕಾಗದದ ಗತಿಯೇನು? ಮೋಡ ಕವಿದರೆ ರೈತರು ಮುಗಿಲು ನೋಡುತ್ತಾರೆ, ನಾನು ಕಪಾಟು ನೋಡುತ್ತೇನೆ. ಪುಟಗಳ ನಡುವೆ ಒಣಗಿದ ಬೇವಿನ ಎಲೆ ಇಡುತ್ತೇನೆ. "ಅದರಾಗ ಅರ್ಧಾ ಎಲಿ ಜ್ವಾಳದ ಚೀಲಕ್ಕ ಹಾಕಿದ್ರ ನುಸಿನರ ಹೋಗ್ತಿದ್ವು" ಎಂಬುದು ಶಕುಂತಲಾಳ ದೂರು. ಅತಿಥಿಗಳ ಭಯ ಬೇರೆ. ಒಂದು ಬೇಸಿಗೆಯಲ್ಲಿ ನನ್ನ ಮೈದುನ ಒಂದು ಚಿತ್ರಕಥೆಯ ಐದನೆಯ ಸಂಚಿಕೆಯನ್ನು ಸುರುಳಿ ಸುತ್ತಿ ಬೆನ್ನು ಕೆರೆದುಕೊಂಡ. ಅವನು ಊರಿಗೆ ಹೋದ ಮೇಲೆ ಎರಡು ದಿನ ಆ ಪುಸ್ತಕದ ಮೇಲೆ ಒಳಕಲ್ಲಿನ ಗುಂಡು ಹೇರಿಟ್ಟಿದ್ದೆ. ಆ ಎರಡು ದಿನ ನಮ್ಮ ಮನೆಯಲ್ಲಿ ಚಟ್ನಿ ಇರಲಿಲ್ಲ.

ಆದರೆ ನನ್ನನ್ನು ನಿಜವಾಗಿ ಕೊರೆಯುತ್ತಿದ್ದುದು ಕಪಾಟಿನಲ್ಲಿ ಇಲ್ಲದ ಪುಸ್ತಕ. ನಾನು ಚಿಕ್ಕವನಿದ್ದಾಗ ಹುಬ್ಬಳ್ಳಿಯ ಒಂದು ಸಣ್ಣ ಮುದ್ರಣಾಲಯದವರು, ಬಿಳಿ ಕುದುರೆ ಏರಿ ದೇಶ ಸುತ್ತುವ ರಾಜಕುಮಾರನ ಕಥೆಯನ್ನು ಹನ್ನೆರಡು ಸಂಚಿಕೆಗಳಲ್ಲಿ ತಂದಿದ್ದರು. ಆ ಮುದ್ರಣಾಲಯ ಮುಚ್ಚಿಹೋಗಿ ಎಷ್ಟೋ ಕಾಲವಾಯಿತು. ನನ್ನ ಬಳಿ ಹನ್ನೊಂದು ಸಂಚಿಕೆಗಳಿದ್ದವು. ಹನ್ನೊಂದನೆಯ ಸಂಚಿಕೆ ಮಾತ್ರ ಇರಲಿಲ್ಲ. ಹತ್ತನೆಯದರ ಕೊನೆಗೆ ರಾಜಕುಮಾರ ಒಂದು ಗವಿಯ ಬಾಯಿಗೆ ಬಂದು ನಿಲ್ಲುತ್ತಾನೆ. ಹನ್ನೆರಡನೆಯದರಲ್ಲಿ ಕುದುರೆಯೇ ಇಲ್ಲದೆ ನಡೆದು ಬರುತ್ತಾನೆ. ನಡುವೆ ಏನಾಯಿತು? ನಲವತ್ತು ವರ್ಷ ನಾನು ಆ ಗವಿಯ ಹೊರಗೇ ನಿಂತಿದ್ದೆ.

ನನ್ನ ನೌಕರಿ ಪಶು ಆಸ್ಪತ್ರೆಯಲ್ಲಿ. ನಾನು ಡಾಕ್ಟರ್ ಅಲ್ಲ, ಅವರ ಕೈಕೆಳಗಿನ ಪಶು ಪರೀಕ್ಷಕ. ಆದರೆ ಹಳ್ಳಿಗಳಲ್ಲಿ ಎಲ್ಲರಿಗೂ ದನದ ಡಾಕ್ಟರ್. ಹೋದ ವರ್ಷ ಬಮ್ಮಿಗಟ್ಟಿಯ ನೀಲವ್ವ ಎಂಬ ಮುದುಕಿಯಿಂದ, ಎಮ್ಮೆ ಹಾಲು ಕಡಿಮೆ ಮಾಡಿದೆ ಎಂದು ಕರೆ ಬಂತು. ಬೈಕು ಹತ್ತಿ ಹೋದೆ. ಬಾಗಿಲು ದಾಟಿದರೆ ಎಡಕ್ಕೆ ಎಮ್ಮೆ ಕಟ್ಟುವ ಜಾಗ, ಬಲಕ್ಕೆ ಜನ ಕೂರುವ ಕಟ್ಟೆ. ಎಮ್ಮೆಯ ತಲೆಯ ಮೇಲಿನ ಗೋಡೆಗೂಡಿನಲ್ಲಿ ಎಣ್ಣೆಯ ಬಾಟಲಿ, ಬಾಚಣಿಕೆ, ಮತ್ತು ಬಿಳಿ ಕುದುರೆ! ಗವಿಯ ಕತ್ತಲೆ, ಮುಖಪುಟದ ಮೂಲೆಯಲ್ಲಿ ಕೆಂಪು ಅಂಕಿ ಹನ್ನೊಂದು. ನನ್ನ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ ಎಮ್ಮೆ ಕಿವಿ ನಿಮಿರಿಸಿತು.

ಸುಮ್ಮನೆ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಮಿಶ್ರಿಕೋಟಿಯಲ್ಲಿ ಒಮ್ಮೆ ಕೇಳಿ ಕೆಟ್ಟಿದ್ದೆ. ಅಂಗಡಿಯವನೊಬ್ಬ ಬೆಲ್ಲ ಕಟ್ಟಲು ಇಟ್ಟಿದ್ದ ಹಳೆಯ ಚಿತ್ರಕಥೆಯನ್ನು ನಾನು ಆಸೆಯಿಂದ ಕೇಳಿದ್ದೇ ತಡ, ಅವನು ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ, "ಇದರಾಗ ಏನೋ ಐತಿ" ಎಂದು ಟ್ರಂಕಿನಲ್ಲಿ ಕೀಲಿ ಹಾಕಿಟ್ಟ. ಇಂದಿಗೂ ಅದು ಅಲ್ಲೇ ಇದೆ. ಆ ಹೆದರಿಕೆಯಲ್ಲಿ ನನ್ನ ಬಾಯಿಂದ ಒಂದು ಮಾತು ಹೊರಬಿತ್ತು.

"ಆಯಿ, ಎಮ್ಮಿ ಕಟ್ಟೋ ಜಾಗಾದಾಗ ಇಂಥಾ ಹಳೇ ಪುಸ್ತಕ ಇಡಬಾರದ್ರಿ. ಅದರ ಧೂಳು ಎಮ್ಮಿ ಮೂಗಿಗೆ ಹೋದ್ರ ಹಾಲು ಕಮ್ಮಿ ಆಗ್ತೈತಿ. ನನ್ನ ಕೈಯಾಗ ಕೊಡ್ರಿ, ನಾ ಒಯ್ದು ವಿಲೇವಾರಿ ಮಾಡ್ತೀನಿ."

ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ನಾನು ಇಷ್ಟು ಗಂಭೀರವಾಗಿ ಯಾವ ರೋಗವನ್ನೂ ವಿವರಿಸಿರಲಿಲ್ಲ. ನೀಲವ್ವ ಗೂಡಿನಿಂದ ಪುಸ್ತಕ ತೆಗೆದಳು. ನಾನು ಎರಡೂ ಕೈ ಚಾಚಿದೆ. ಆಕೆ ಅದನ್ನು ಸೆರಗಿನಲ್ಲಿ ಹಿಡಿದುಕೊಂಡು ಹಿಂದಕ್ಕೆ ಸರಿದಳು.

"ರೋಗದ ವಸ್ತು ನಿಮ್ಮ ಕೈಯಾಗ ಹ್ಯಾಂಗ ಕೊಡ್ಲಿ ಯಪ್ಪಾ? ನಿಮ್ಮ ಮನ್ಯಾಗೂ ಹೆಣ್ಮಕ್ಳು, ಸಣ್ಣವರು ಇರ್ತಾರ. ಒಲಿ ಉರ್‍ಯಾಕತ್ತೇತಿ, ಅದರಾಗ ಹಾಕಿ ಬರ್ತೀನಿ ತಡೀರಿ."

"ಬ್ಯಾಡ್ರಿ ಆಯಿ! ಸುಟ್ರ ಹೊಗಿ ಏಳ್ತೈತಿ, ಹೊಗಿ ಇನ್ನೂ ಕೆಟ್ಟ!"

"ಹಂಗಾರ ತಿಪ್ಯಾಗ ಹುಗೀತೀನಿ."

ಅಷ್ಟರಲ್ಲಿ ಗೋಡೆಯಾಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಪಕ್ಕದ ಮನೆಯ ಶಾಂತವ್ವ, ಒಂದು ಮಡಿಲು ಕಾಗದಪತ್ರ ಹೊತ್ತುಕೊಂಡು ಒಳಗೆ ಬಂದಳು. "ಸಾಹೇಬ್ರ, ನಮ್ಮ ಆಕಳೂ ಹಾಲು ಕಮ್ಮಿ ಮಾಡೇತ್ರಿ. ಇದರಾಗ ಯಾವ್ಯಾವ ಸುಡಬೇಕು, ಆರಿಸಿ ಕೊಡ್ರಿ" ಎಂದು ಎಲ್ಲವನ್ನೂ ನನ್ನ ಮುಂದೆ ಸುರಿದಳು. ಮೇಲೆಯೇ ಹೊಲದ ಉತಾರ, ಅಂದರೆ ಪಹಣಿಪತ್ರ ಇತ್ತು. ಅದರ ಕೆಳಗೆ ಮಗನ ಹತ್ತನೆಯ ಇಯತ್ತೆಯ ಅಂಕಪಟ್ಟಿ, ರೇಶನ್ ಕಾರ್ಡು, ಭಜನೆಯ ಪುಸ್ತಕ. "ಓಣ್ಯಾಗ ಎಲ್ಲಾರಿಗೂ ಹೇಳೀನ್ರಿ. ಅವರೂ ತರಾಕ ಹತ್ಯಾರ" ಎಂದೂ ಸೇರಿಸಿದಳು.

ಒಂದು ಊರಿನ ಹೊಲಮನೆಯ ದಾಖಲೆಗಳೆಲ್ಲ ನನ್ನ ಒಂದು ಸುಳ್ಳಿನಿಂದ ಬೂದಿಯಾಗುವ ದೃಶ್ಯ ಕಣ್ಣಿಗೆ ಕಟ್ಟಿತು. "ಯಾರೂ ಏನೂ ಸುಡಬ್ಯಾಡ್ರಿ" ಎಂದು ಕೂಗಿದೆ. ಆಮೇಲೆ ಎಲ್ಲವನ್ನೂ ಒಪ್ಪಿಕೊಂಡೆ. ಹನ್ನೆರಡು ಸಂಚಿಕೆ, ಗವಿ, ನಲವತ್ತು ವರ್ಷ, ಮಿಶ್ರಿಕೋಟಿಯ ಟ್ರಂಕು ಎಲ್ಲ. ಶಾಂತವ್ವ ತನ್ನ ಕಾಗದಗಳನ್ನು ಒಂದೊಂದಾಗಿ ಎಣಿಸುತ್ತ ಮಡಿಲಿಗೆ ಹಾಕಿಕೊಂಡಳು. ನಾನೆಲ್ಲಿ ಒಂದನ್ನು ಹೊಡೆದುಕೊಂಡಿದ್ದೇನೋ ಎಂದು ನನ್ನ ಕೈಯನ್ನೂ ನೋಡಿದಳು. ಹೊರಗೆ ಹೋಗಿ ಓಣಿಯವರಿಗೆ ಸುದ್ದಿ ಮುಟ್ಟಿಸಿ ತಿರುಗಿ ಬಂದಳು.

ನೀಲವ್ವ ಎಮ್ಮೆಯ ಕಡೆ ಕೈ ತೋರಿಸಿ ಕೇಳಿದಳು, "ಹಂಗಾರ ಎಮ್ಮಿಗೆ ಏನಾಗೇತಿ?"

"ಎಮ್ಮಿ ನಾ ಇನ್ನೂ ನೋಡೇ ಇಲ್ರಿ, ಆಯಿ."

"ಮೊದಲ ಎಮ್ಮಿ ನೋಡು" ಎಂದಳು. ಬಹುವಚನ ಹೋಗಿತ್ತು, ನಾನು ಅದನ್ನು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ನೋಡಿದರೆ ಮೊಲೆತೊಟ್ಟಿಗೆ ಮುಳ್ಳು ಗೀರಿ ಗಾಯವಾಗಿತ್ತು. ಹಿಂಡುವಾಗ ನೋವಾಗಿ ಪಾಪ, ಎಮ್ಮೆ ಹಾಲು ಬಿಡದೆ ಮೇಲಕ್ಕೆ ಏರಿಸಿಕೊಳ್ಳುತ್ತಿತ್ತು. ತೊಳೆದು ಮುಲಾಮು ಹಚ್ಚಿದೆ. ಕೈ ತೊಳೆದು ಬಂದಾಗ ನೀಲವ್ವ ಪುಸ್ತಕವನ್ನು ನನ್ನ ಮುಂದೆ ಇಟ್ಟಳು. "ಇಷ್ಟು ಸುಳ್ಳು ಹೇಳಸೂವಂಥಾದ್ದು ಏನೈತಿ ಇದರಾಗ? ಓದು. ನನಗ ಅಕ್ಷರ ಬರಂಗಿಲ್ಲ."

ನಲವತ್ತು ವರ್ಷದ ಮೇಲೆ ನಾನು ಗವಿಯೊಳಗೆ ಕಾಲಿಟ್ಟೆ. ಗವಿಯಲ್ಲಿ ಒಬ್ಬ ಗಡ್ಡದ ಮುದುಕ. ಅವನು ವೇಷ ಮರೆಸಿದ ದುಷ್ಟ ಮಂತ್ರಿ. ರಾಜಕುಮಾರ ಅವನನ್ನು ಹಗ್ಗದಿಂದ ಕಟ್ಟಿಹಾಕುತ್ತಾನೆ. ಅಲ್ಲಿಗೆ ನೀಲವ್ವ ತಡೆದಳು.

"ತಪ್ಪ ಓದಾಕತ್ತಿ."

"ಇಲ್ರಿ ಆಯಿ, ಹಿಂಗ ಅಚ್ಚಾಗೇತ್ರಿ."

"ಹಂಗಾರ ಅಚ್ಚು ಹಾಕಿದವರ ತಪ್ಪು. ಆ ಮುದುಕ ಕುದುರಿನ ಮರಿ ಇದ್ದಾಗಿಂದ ಸಾಕಿದಾಂವ. ಯಾರೋ ಪಾಪಿಗೋಳು ಅವನ್ನ ಕಟ್ಟಿ ಹಾಕ್ಯಾರ. ಅದಕ್ಕ ಕುದುರಿ ಈ ಹುಡುಗನ್ನ ಇಲ್ಲಿ ಕರಕೊಂಡು ಬಂದೈತಿ. ಹುಡುಗ ಹಗ್ಗ ಕಟ್ಟಾಕತ್ತಿಲ್ಲ, ಬಿಚ್ಚಾಕತ್ತಾನ. ಕುದುರಿ ತಲಿ ಬಾಗಿಸಿ ನಿಂತೈತಿ ನೋಡು. ಕುದುರಿ ಸುಳ್ಳು ಹೇಳ್ತೈತೇನು?"

ಆ ಮನೆಯಲ್ಲಿ ಸುಳ್ಳಿನ ಬಗ್ಗೆ ಮಾತಾಡುವ ಯೋಗ್ಯತೆ ನನಗಿರಲಿಲ್ಲ. ಚಿತ್ರ ನೋಡಿದೆ. ಹಗ್ಗ ನಿಜವಾಗಿಯೂ ಎರಡೂ ರೀತಿ ಕಾಣುತ್ತಿತ್ತು. ಬಸ್ಸಿನಲ್ಲಿ ಯಾರೋ ಬಿಟ್ಟು ಹೋಗಿದ್ದ ಪುಸ್ತಕವನ್ನು ಆಕೆಯ ಗಂಡ ತಂದುಕೊಟ್ಟಿದ್ದನಂತೆ. ಅದೊಂದರಿಂದಲೇ ನೀಲವ್ವ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಮಲಗಿಸಿದ್ದಳು. "ನಾನೂ ಇದ ಕಥಿ ಕೇಳಿ ಬೆಳದಾಕಿ" ಎಂದು ಶಾಂತವ್ವ ಸಾಕ್ಷಿ ಹೇಳಿದಳು. ನೀಲವ್ವ ಪೂರ್ತಿ ಕಥೆ ಹೇಳಿದಳು. ಬಿಡುಗಡೆಯಾದ ಮುದುಕನ ಬಳಿಯೇ ಕುದುರೆ ಉಳಿದುಕೊಳ್ಳುತ್ತದೆ. ಅದಕ್ಕೇ ಹನ್ನೆರಡನೆಯದರಲ್ಲಿ ರಾಜಕುಮಾರ ನಡೆದು ಬರುತ್ತಾನೆ! ಕೊನೆಯ ಪುಟದವರೆಗೂ ಕಣ್ಣಾಡಿಸಿದೆ, ಅಚ್ಚಿನ ಕಥೆಯಲ್ಲಿ ಕುದುರೆ ಎಲ್ಲಿ ಹೋಯಿತೆಂಬ ಸುಳಿವೇ ಇಲ್ಲ.

ಏಳುವಾಗ ಪುಸ್ತಕ ಕೊಡಿ ಎಂದು ಕೇಳಲು ನಾಲಿಗೆ ಏಳಲಿಲ್ಲ. ಕೇಳಿದವಳು ಆಕೆಯೇ. "ಇದರ ಮುಂದಿಂದು ನಿನ್ನ ಕಡೆ ಐತಲ್ಲ? ತಗೊಂಡು ಬಾ, ಹುಡುಗ ಊರು ಮುಟ್ಟಿದನೋ ಇಲ್ಲೋ ನೋಡೂಣು."

ಮುಂದಿನ ಗುರುವಾರ ಹನ್ನೆರಡನೆಯದನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಜಂತಿನ ಔಷಧದ ಬಾಟಲಿಗಳ ನಡುವೆ ಇಟ್ಟುಕೊಂಡು, ಪ್ರತಿ ತಗ್ಗಿಗೂ ಶಿವಾ ಎನ್ನುತ್ತ ಬಮ್ಮಿಗಟ್ಟಿ ಮುಟ್ಟಿದೆ. ನೀಲವ್ವ ಬೆಣ್ಣೆ ತೆಗೆಯುತ್ತಿದ್ದಳು. ಹಾಗೇ ಎದ್ದು ಬಂದು ಪುಸ್ತಕ ಹಿಡಿದಳು. ಮುಖಪುಟದ ಮೇಲೆ, ರಾಜಕುಮಾರನ ಕಿರೀಟದ ಪಕ್ಕ, ಆಕೆಯ ಹೆಬ್ಬೆರಳಿನ ಬೆಣ್ಣೆ ಗುರುತು ಇಂದಿಗೂ ಇದೆ. ನನ್ನ ಜೀವ ಹಾರಿಹೋದಂತಾಯಿತು. ಆದರೂ ಆಕೆ ಚಿತ್ರ ನೋಡಿ ಕಥೆ ಹೇಳತೊಡಗಿದಾಗ ನನ್ನ ಕಣ್ಣು ಆಕೆಯ ಬಾಯಿಯ ಮೇಲೇ ಇತ್ತು, ಮುಂದೇನಾಗುತ್ತದೋ ಎಂದು. ಹನ್ನೆರಡನೆಯದನ್ನು ನಾನು ಕಂಠಪಾಠ ಬಲ್ಲೆ, ಆಕೆ ಹೇಳಿದ ಒಂದು ಸಂಗತಿಯೂ ನನಗೆ ಗೊತ್ತಿರಲಿಲ್ಲ.

ಕಥೆ ಮುಗಿದ ಮೇಲೆ ಆಕೆ ಎರಡೂ ಪುಸ್ತಕ ಜೋಡಿಸಿ ಗೂಡಿನಲ್ಲಿಟ್ಟಳು. "ಇಲ್ಲೇ ಇರಲಿ" ಎಂದಳು. ನಾನು ತಲೆಯಾಡಿಸಿದೆ. ಮನೆಗೆ ಬಂದು ಶಕುಂತಲಾಳಿಗೆ ಹೇಳಿದರೆ ಆಕೆ ಸಾವಕಾಶವಾಗಿ ಲೆಕ್ಕ ಹಾಕಿ, "ಅಲ್ರೀ, ಒಂದು ಕಮ್ಮಿ ಇತ್ತಂತ ಹ್ವಾದ್ರಿ, ಎರಡು ಕಮ್ಮಿ ಮಾಡ್ಕೊಂಡು ಬಂದ್ರಿ. ಕೂಡಸೂದಂದ್ರ ಹಿಂಗನ?" ಎಂದಳು.

ಈಗಲೂ ಗುರುವಾರ ಬಮ್ಮಿಗಟ್ಟಿಗೆ ಹೋಗುತ್ತೇನೆ. ಎಮ್ಮೆ ಅಗದಿ ಆರಾಮಾಗಿದೆ, ಆದರೂ ನೋಡಿದಂತೆ ಮಾಡುತ್ತೇನೆ. ಮೊನ್ನೆ ನೀಲವ್ವ ಚಹಾ ಕೊಡುತ್ತ ಕೇಳಿದಳು, "ತಮ್ಮಾ, ಒಂದರಿಂದ ಹತ್ತರತನಕ ಎಲ್ಲಿ ಅದಾವು?"

"ಅವು ಎಲ್ಲಿ ಸಿಗ್ತಾವ್ರಿ ಆಯಿ, ಬಾಳ ಹಳೇವು" ಎಂದೆ, ಕಿಸೆಯಲ್ಲಿದ್ದ ಕಪಾಟಿನ ಕೀಲಿ ಮುಟ್ಟಿ ನೋಡಿಕೊಳ್ಳುತ್ತ.

ಆಕೆ ಚಹಾದ ಬಟ್ಟಲು ನನ್ನ ಕೈಗಿಟ್ಟು ಒಳಗೆ ಹೋದಳು. ಎಮ್ಮೆ ಮಾತ್ರ ಮೇವು ಬಿಟ್ಟು ನನ್ನ ಕಡೆ ತಿರುಗಿ ನೋಡಿತು.