ಚಿಲಕವಿಲ್ಲದ ಬಾಗಿಲಿಗೆ ಸಂವಿಧಾನದ ಪೀಠಿಕೆ

ಮಕ್ಕಳಿಗೆ ಪೌರನೀತಿ ಕಲಿಸುವವರಿಗೆ ಇಂಥದ್ದು ಆಗುತ್ತಲೇ ಇರುತ್ತದೆ: ಪಾಠ ಮಕ್ಕಳಿಗೆ ಅರ್ಥವಾಗಿಬಿಡುತ್ತದೆ, ದೊಡ್ಡವರಿಗೆ ಆಗುವುದಿಲ್ಲ. ಕುಣಿಗಲ್ ಕಡೆ ಒಂಬತ್ತು ವರ್ಷ ಸಮಾಜ ವಿಜ್ಞಾನ ಕಲಿಸಿದೆ. ಈಗ ದಿನಾ ತುಮಕೂರಿನಲ್ಲಿ ಬಸ್ಸು ಹಿಡಿದು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ಹೋಗುತ್ತೇನೆ. ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ಜಗಳವಾಗುತ್ತದೆ. ನಗು ಬಂದರೆ ನೀವು ನಕ್ಕುಬಿಡಿ. ನನಗಂತೂ ಮೈ ಉರಿಯುತ್ತದೆ.

೧. ವರದಿಯಲ್ಲಿರುವ ಚಿಲಕ

ನಮ್ಮ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲ. ಅಲ್ಲಿಗೆ ಹೋಗುವ ಭಯಕ್ಕೆ ಏಳನೇ ಕ್ಲಾಸಿನ ಹುಡುಗಿಯರು ಬೆಳಗ್ಗೆಯಿಂದ ಸಂಜೆವರೆಗೆ ನೀರನ್ನೇ ಮುಟ್ಟುತ್ತಿರಲಿಲ್ಲ. ನಾನೇ ತುಮಕೂರಿನಿಂದ ಚಿಲಕ ತಂದು ಬಡಗಿಯನ್ನು ಕರೆಸಿದೆ. ಚೌಕಟ್ಟನ್ನು ಗೆದ್ದಲು ತಿಂದಿದೆ, ಸ್ಕ್ರೂ ಕೂರುವುದಿಲ್ಲ, ಚೌಕಟ್ಟನ್ನೇ ಬದಲಾಯಿಸಬೇಕು ಅಂದ. ಸರಿ, ನಾಗರಿಕರು ಅರ್ಜಿ ಬರೆಯುವುದು ಹೇಗೆ ಎಂಬ ಪಾಠವೂ ಆದೀತು ಎಂದು ಹುಡುಗಿಯರ ಕೈಲೇ ಪಂಚಾಯ್ತಿಗೆ ಅರ್ಜಿ ಬರೆಸಿದೆ.

ಹೆಡ್‌ಮಾಸ್ಟರು ಓದಿದರು, ಕಾಗುಣಿತ ತಿದ್ದಿದರು, ಹಾಗೇ ನನ್ನ ಕೈಗೆ ವಾಪಸ್ಸು ಕೊಟ್ಟರು.

"ಹೋದ ವರ್ಷದ ವರದೀಲಿ ಚಿಲಕ ಇದೆ ಅಂತ ಬರ್ದಿದೀವಿ ಮೇಡಂ. ಈಗ ಇಲ್ಲ ಅಂದ್ರೆ, ಇದ್ದದ್ದು ಎಲ್ಲಿಗ್ ಹೋಯ್ತು ಅಂತ ನಮ್ಮನ್ನೇ ಕೇಳ್ತಾರೆ."

೨. ಗೋಡೆಯ ಮೇಲಿನ ಉಪದೇಶ

ಶಾಲಾ ಸಮಿತಿಯ ಅಧ್ಯಕ್ಷರ ಹತ್ತಿರ ಹೋದೆವು. ಮಕ್ಕಳು ಊರಿಗೆ ಏನಾದರೂ ಕೊಡುವುದನ್ನು ಕಲಿಯಬೇಕು, ಬರೀ ಕೇಳುವುದನ್ನಲ್ಲ ಎಂದು ಅರ್ಧ ಗಂಟೆ ಕೊರೆದರು. ಪ್ರತಿ ಶನಿವಾರ ಊರಿನ ಬಸ್ ಸ್ಟ್ಯಾಂಡ್ ಗುಡಿಸುವವರು ಇದೇ ಹುಡುಗಿಯರು. ಅಲ್ಲಿ ಎಲೆಅಡಿಕೆ ಉಗಿಯುವವರಲ್ಲಿ ಈ ಅಧ್ಯಕ್ಷರೂ ಒಬ್ಬರು.

ಮಾರನೇ ದಿನ ಅವರು ಕಳಿಸಿದ ಪೇಂಟರ್ ಬಂದ. ಶೌಚಾಲಯದ ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದು ಹೋದ: ‘ಹಕ್ಕು ಕೇಳುವ ಮೊದಲು ಕರ್ತವ್ಯ ಮಾಡಿ’. ನಮ್ಮ ಶಾಲಾ ಸಂಸತ್ತಿಗೆ ಏಳನೇ ಕ್ಲಾಸಿನ ಒಬ್ಬ ಹುಡುಗಿ ಪ್ರಧಾನಿ, ಮಕ್ಕಳೇ ಓಟು ಹಾಕಿ ಆರಿಸಿದ್ದು. ಅವಳು ಗೋಡೆಯನ್ನೇ ನೋಡುತ್ತಾ ನಿಂತಿದ್ದಳು.

"ಅದ್ನ ಮಾಡಕ್ಕೇ ಅಲ್ವಾ ಮಿಸ್, ನಾವು ಚಿಲಕ ಕೇಳ್ತಿರೋದು?"

೩. ವಿನೂತನ ವಿಧಾನ

ಕೊನೆಗೆ ಹುಡುಗಿಯರೇ ಒಂದು ದಾರಿ ಕಂಡುಕೊಂಡರು. ಒಳಗೆ ಹೋದವಳು, ದಿನಾ ಪ್ರಾರ್ಥನೆಯ ಹೊತ್ತಿಗೆ ಓದುವ ಸಂವಿಧಾನದ ಪೀಠಿಕೆಯನ್ನು ಗಟ್ಟಿಯಾಗಿ ಹೇಳುತ್ತಿರಬೇಕು. ದನಿ ಇದ್ದರೆ ಒಳಗೆ ಯಾರೋ ಇದ್ದಾರೆ, ನಿಂತರೆ ಖಾಲಿ. ನಾಚಿಕೆಯಾದರೂ ನಾನೂ ಹಾಗೇ ಮಾಡುತ್ತಿದ್ದೆ, ಬೇರೆ ಗತಿ ಏನಿತ್ತು.

ಇನ್ಸ್‌ಪೆಕ್ಷನ್‌ಗೆ ಬಂದ ಸಾಹೇಬರು ಮಕ್ಕಳಿಂದ ಪೀಠಿಕೆ ಹೇಳಿಸಿದರು. ಹುಡುಗರು ಎರಡನೇ ಸಾಲಿಗೇ ಮುಗ್ಗರಿಸಿದರು. ಹುಡುಗಿಯರಲ್ಲಿ ಒಬ್ಬಳೂ ತಪ್ಪಲಿಲ್ಲ. ಹೇಗೆ ಕಲಿಸಿದಿರಿ ಎಂದು ಕೇಳಿದರು. ನನಗೂ ತಡೆಯಲಾಗಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಸಾಹೇಬರು ಗಂಭೀರವಾಗಿ ತಲೆಯಾಡಿಸಿ ಸಂದರ್ಶಕರ ಪುಸ್ತಕದಲ್ಲಿ ಬರೆದರು: ‘ವಿನೂತನ ವಿಧಾನ. ಇತರ ಶಾಲೆಗಳೂ ಅಳವಡಿಸಿಕೊಳ್ಳಬಹುದು.’

೪. ಅಧ್ಯಕ್ಷೆಯ ದನಿ

ಆ ವರ್ಷ ಮಕ್ಕಳ ಗ್ರಾಮಸಭೆ ನಮ್ಮ ಶಾಲೆಯ ಅಂಗಳದಲ್ಲೇ ನಡೆಯಿತು. ಪಂಚಾಯ್ತಿಗೆ ಅಧ್ಯಕ್ಷೆ ಹೆಂಗಸು, ಆದರೆ ಅಧ್ಯಕ್ಷೆಯ ಕುರ್ಚಿಯಲ್ಲಿ ಕೂರುವವನು ಆಕೆಯ ಗಂಡ. ಆಕೆಗೆ ಪಕ್ಕದ ಪ್ಲಾಸ್ಟಿಕ್ ಕುರ್ಚಿ. ನಮ್ಮ ಪ್ರಧಾನಿ ಎದ್ದು ಬಾಗಿಲಿನ ವಿಷಯ ಕೇಳಿದಳು. ಮುಂದಿನ ವರ್ಷ ನೋಡೋಣ ಎಂದು ಗಂಡ ಉತ್ತರ ಕೊಟ್ಟ. ನನಗೆ ಎದ್ದು ಹೋಗಿ ಆ ಕುರ್ಚಿ ಎಳೆದುಬಿಡೋಣ ಅನ್ನಿಸಿತು.

ಅಷ್ಟರಲ್ಲಿ ಅಧ್ಯಕ್ಷೆ ನನ್ನನ್ನು ಮೆಲ್ಲಗೆ ಕರೆದು ಶೌಚಾಲಯ ಎಲ್ಲಿ ಎಂದರು. ಪ್ರಧಾನಿಯನ್ನೇ ಜೊತೆಗೆ ಕಳಿಸಿದೆ. ಆಕೆಗೆ ಪೀಠಿಕೆ ಬರುತ್ತಿರಲಿಲ್ಲ. ಹುಡುಗಿ ಹೊರಗೆ ನಿಂತು ಒಂದೊಂದೇ ಮಾತು ಹೇಳಿಕೊಟ್ಟಳು, ಅಧ್ಯಕ್ಷೆ ಒಳಗಿನಿಂದ ಹೇಳುತ್ತಾ ಹೋದರು: ಭಾರತದ ಜನತೆಯಾದ ನಾವು... ಇಡೀ ಸಭೆಗೆ ಕೇಳಿಸಿತು. ಆರಿಸಿ ಬಂದ ಮೇಲೆ ಆಕೆಯ ದನಿಯನ್ನು ಸಭೆಯಲ್ಲಿದ್ದವರು ಕೇಳಿದ್ದು ಅದೇ ಮೊದಲು. ಸಮಾನತೆಗೆ ಬರುವ ಹೊತ್ತಿಗೆ ಹೇಳಿಕೊಡುವ ದನಿಗಿಂತ ಹೇಳುವ ದನಿಯೇ ಜೋರಾಗಿತ್ತು. ಗಂಡ ನೆಲ ನೋಡುತ್ತಾ ಕೂತಿದ್ದ.

ಆಕೆ ವಾಪಸ್ಸು ಬಂದು ಅವನ ಮುಂದೆ ನಿಂತರು. "ಏಳಿ ಮೇಲೆ. ಆ ಬಾಗ್ಲು ಆಗೋ ಗಂಟ ಈ ಕುರ್ಚೀಲಿ ನಾನೇ ಕುಂತ್ಕೋತೀನಿ."

ಎಂಟು ದಿನದಲ್ಲಿ ಚೌಕಟ್ಟು, ಬಾಗಿಲು, ಚಿಲಕ ಎಲ್ಲವೂ ಬಂತು. ಕುರ್ಚಿಯನ್ನು ಆಕೆ ಇನ್ನೂ ಬಿಟ್ಟುಕೊಟ್ಟಿಲ್ಲ. ಹುಡುಗಿಯರು ಹೊಟ್ಟೆ ತುಂಬ ನೀರು ಕುಡಿಯುತ್ತಿದ್ದಾರೆ. ನಾನೂ ಸಿಟ್ಟಿಲ್ಲದೆ ಸಂಜೆ ಬಸ್ಸು ಹತ್ತುತ್ತಿದ್ದೆ, ಹೋದ ವಾರದವರೆಗೆ.

ಹೋದ ವಾರ ಹೆಡ್‌ಮಾಸ್ಟರು ಕರೆದರು. ಮತ್ತೆ ಇನ್ಸ್‌ಪೆಕ್ಷನ್ ಇದೆ, ಈಗೀಗ ಹುಡುಗಿಯರೂ ಪೀಠಿಕೆ ತಡವರಿಸುತ್ತಿದ್ದಾರೆ ಎಂದು ಬಹಳ ಬೇಜಾರು ಮಾಡಿಕೊಂಡರು. ಆಮೇಲೆ ದನಿ ತಗ್ಗಿಸಿ ಕೇಳಿದರು:

"ಸಾಹೇಬ್ರು ಬಂದು ಹೋಗೋವರ್ಗೂ ಆ ಚಿಲಕ ಬಿಚ್ಚಿಸಿಡೋಣ್ವಾ ಮೇಡಂ?"